ಕಬ್ಬಿಣಕ್ಕೆ ಹೆದರುವ ಮೋಟಾರು

ಹೊಸಳ್ಳಿಯ ತುಳಜಪ್ಪ ಮೂವತ್ತನಾಲ್ಕು ವರ್ಷ ನಿಂತುಕೊಂಡೇ ಅನ್ನ ಸಂಪಾದಿಸಿದ ಮನುಷ್ಯ. ನಾರಾಯಣಖೇಡದಿಂದ ಝಹೀರಾಬಾದಿನ ಮೇಲೆ ತಾಂಡೂರಿಗೆ ಹೋಗುವ ಸರ್ಕಾರಿ ಬಸ್ಸಿಗೆ ಅವನು ಕಂಡಕ್ಟರು. ಆ ಬಸ್ಸಿನ ಸ್ಟೇರಿಂಗ್ ಹಿಡಿದವನು ಅದೇ ಊರಿನ ದೇವಿದಾಸ. ಹಿಂದಿನಿಂದ ಇವನು "ರೈಟ್" ಅಂದರೆ ಅವನು ಹೊರಡುವುದು, ಇವನು ಸೀಟಿ ಊದಿದರೆ ಅವನು ನಿಲ್ಲುವುದು. ಇಬ್ಬರೂ ಒಂದೇ ವರ್ಷ ನಿವೃತ್ತರಾಗಿ, ಒಂದು ಹಳೆಯ ದೋಣಿ ಕೊಂಡು, ಊರ ಕೆರೆಯಲ್ಲಿ ಗಾಳ ಹಾಕತೊಡಗಿದಾಗಲೂ ಈ ಪದ್ಧತಿ ಬದಲಾಗಲಿಲ್ಲ. ದೇವಿದಾಸ ಹುಟ್ಟು ಹಾಕುವನು; ತುಳಜಪ್ಪ ಹಿಂದೆ ಕುಳಿತು ರೈಟ್ ಅನ್ನುವನು. ಜಾಗ ಬಂದಾಗ ಸೀಟಿ. ಆಗ ದೇವಿದಾಸ ನೆಲಕ್ಕೆ ಹಾಸುವ ತಾಂಡೂರಿನ ಫರಸಿ ಕಲ್ಲಿಗೆ ಹಗ್ಗ ಕಟ್ಟಿ, ಅದನ್ನು ನೀರಿಗೆ ಬಿಡುವನು. ದೋಣಿ ನಿಲ್ಲುವುದು.

ಅವರು ನಿಲ್ಲುತ್ತಿದ್ದ ಜಾಗವೂ ಒಂದೇ. ಹಿಂದೆ ಕೆರೆಯ ಕಟ್ಟೆ ಎತ್ತರಿಸಿದಾಗ ಮೈಸಮ್ಮನ ಹಳೆಯ ಗುಡಿ ಮುಳುಗಿತ್ತು. ದೇವಿಯನ್ನು ಕಟ್ಟೆಯ ಮೇಲೆ ಹೊಸ ಗುಡಿಗೆ ತಂದರು. ಕಲ್ಲುಗಳನ್ನು ನೀರಿನಲ್ಲೇ ಬಿಟ್ಟರು. ಕಟ್ಲಾ ಮೀನುಗಳಿಗೆ ಆ ಕಲ್ಲುಗಳ ನೆರಳೆಂದರೆ ಪ್ರೀತಿ. ಹೀಗಾಗಿ ದೇವಿ ಗುಡಿ ಬಿಟ್ಟಮೇಲೂ ಅಲ್ಲಿ ಭಕ್ತರ ಸಂದಣಿ ತಪ್ಪಲಿಲ್ಲ. ಗೆಳೆಯರಿಬ್ಬರೂ ಗುಡಿಯ ನೆತ್ತಿಯ ಮೇಲೆ ಗಾಳ ಬಿಡದೆ, ಮರ್ಯಾದೆಗೆ ನಾಲ್ಕು ಮಾರು ದೂರದಲ್ಲಿ ನಿಲ್ಲುತ್ತಿದ್ದರು.

ಹೋದ ವರ್ಷ ಶ್ರಾವಣದ ಒಂದು ಸೋಮವಾರ ದೇವಿದಾಸ ಝರಾಸಂಗಮಕ್ಕೆ ಹೋಗಿ, ಅಲ್ಲಿಯ ಗುಡಿಯಲ್ಲಿ ಸ್ವಾಮಿಯ ದರ್ಶನ ಮಾಡಿ ಬಂದು, ಚಹಾ ಕುಡಿದು, ಗೋಡೆಗೆ ಒರಗಿದವನು ಏಳಲಿಲ್ಲ. ಸೀಟಿ ಊದಿದವರು ಯಾರೆಂದು ತಿಳಿಯಲಿಲ್ಲ.

ಅಂದಿನಿಂದ ದೋಣಿ ಕಟ್ಟೆಯ ಕೆಳಗೆ ಬೋರಲಾಗಿ ಬಿದ್ದಿತ್ತು. ಮೀನುಗಾರರ ಸಂಘದ ಅಧ್ಯಕ್ಷ ಬೀರಣ್ಣನಿಗೆ ಅದರ ಮೇಲೆ ಕಣ್ಣು. ಕಣ್ಣಷ್ಟೇ ಅಲ್ಲ, ದಿನಾ ಸಂಜೆ ಅದರ ಬೆನ್ನ ಮೇಲೆ ಕುಳಿತು ಬೀಡಿ ಸೇದುತ್ತಿದ್ದುದರಿಂದ ದೇಹದ ಉಳಿದ ಭಾಗಗಳಿಗೂ ಅದು ರೂಢಿಯಾಗಿತ್ತು.

"ತುಳಜಪ್ಪಾ, ಹೀಂಗ ಬಿದ್ದರ ದೋಣಿ ಹುಳ ತಿಂತದ. ಸಂಘಕ್ಕ ಕೊಟ್ಟು ಕೈ ತೊಳಕೋ" ಎಂದ ಒಂದು ದಿನ.

"ಯಾಕ ಕೊಡಲಿ? ನಾ ಹೋಗಾಂವ ಇದ್ದೀನಿ."

"ಒಬ್ಬನ? ಆ ಭುಜ ತಗೊಂಡು? ಮನ್ನಿ ಮದುವ್ಯಾಗ ಅಕ್ಷತಿ ಹಾಕಾಕ ಕೈ ಏಳದ, ಮುಂದ ನಿಂತಾಂವನ ಬೆನ್ನಿಗಿ ಹಾಕಿದ್ದಿ. ನಾ ಕಣ್ಣಾರ ನೋಡೀನಿ. ಸಂಘದ ಕಾಯ್ದೆ ಅದ, ದೋಣ್ಯಾಗ ಇಬ್ಬರು ಇರಬೇಕು."

"ಒಬ್ಬನ ಹೋಗಿ ತೋರಸ್ತೀನಿ. ಆಗ ಕಾಯ್ದೆ ನೀ ಕುತ್ತಿಗಿಗಿ ಕಟ್ಟಿಕೋ."

ಮಾತು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಮೈಸಮ್ಮನ ಪೂಜಾರಿ ಹಣಮಯ್ಯ ಪಕ್ಕದಲ್ಲೇ ಇದ್ದ. ಇಬ್ಬರು ಮನುಷ್ಯರು ಜಗಳವಾಡುವಾಗ ನಡುವೆ ದೇವಿಯನ್ನು ತಾರದಿದ್ದರೆ ಹಣಮಯ್ಯನಿಗೆ ಊಟ ಸೇರುತ್ತಿರಲಿಲ್ಲ. ಇಬ್ಬರನ್ನೂ ಗುಡಿಯ ಮುಂದೆ ನಿಲ್ಲಿಸಿ ಭಾಷೆ ಕೊಡಿಸಿದ. ಹದಿನೈದು ದಿನ ಬಿಟ್ಟು ಆದಿತ್ಯವಾರ ತುಳಜಪ್ಪ ಒಬ್ಬನೇ ಹೋಗಿ, ಹಳೆಯ ಜಾಗದಲ್ಲಿ ಒಂದು ತಾಸು ನಿಂತು, ತಿರುಗಿ ಬರಬೇಕು. ಬಂದರೆ ದೋಣಿ ಅವನದೇ, ಸಂಘ ಮುಂದೆ ಉಸಿರೆತ್ತಬಾರದು. ನೀರಿನ ಮೇಲಿಂದ ಒಂದೇ ಒಂದು ಸಲ ಯಾರನ್ನಾದರೂ ಕೂಗಿ ಕರೆದರೆ ದೋಣಿ ಸಂಘಕ್ಕೆ.

"ಒಂದು ಮಾತು ಬಾಯಿಂದ ಹೊರಗ ಬಿದ್ದರೂ ಸಾಕು" ಎಂದ ಬೀರಣ್ಣ, ಬಾಯಿಯಿಂದ ಬೀಡಿ ತೆಗೆದು.

ತುಳಜಪ್ಪ ಮರುದಿನವೇ ಝಹೀರಾಬಾದಿಗೆ ಹೋದ. ಅಲ್ಲಿ ಬಸ್ ನಿಲ್ದಾಣದ ಎದುರಿಗೆ ಧನರಾಜನ ಬ್ಯಾಟರಿ ಅಂಗಡಿ. ಮನೆಯ ಇನ್ವರ್ಟರಿನಿಂದ ಹಿಡಿದು ಭೂಮಿಯ ಮೇಲಿರುವ ಯಾವ ವಸ್ತುವನ್ನಾದರೂ ಮೊಬೈಲಿನಲ್ಲಿ ತರಿಸಿಕೊಡುತ್ತೇನೆ ಅನ್ನುವವನು ಆತ.

"ದೋಣಿಗಿ ಮೋಟಾರ್ ಬೇಕು ನೋಡಪಾ. ಆವಾಜ್ ಮಾಡಬಾರದು, ಮೀನ ಓಡತಾವ. ಭುಜಕ್ಕ ಕೆಲಸ ಇರಬಾರದು."

"ಟ್ರೋಲಿಂಗ್ ಮೋಟಾರ್ ಅಂತಾರ ಕಾಕಾ ಅದಕ್ಕ. ಬ್ಯಾಟರಿ ಮ್ಯಾಲ ನಡೀತದ, ಸದ್ದೇ ಇರಂಗಿಲ್ಲ. ನಿಮ್ಮ ದೋಣಿ ಎಷ್ಟು ಭಾರ ಅದ?"

"ಐದು ಸೀಟು."

"ಸೀಟ್ ಅಲ್ಲ ಕಾಕಾ, ಕಿಲೋ."

"ಮೂವತ್ತನಾಲ್ಕು ವರ್ಷದಾಗ ಯಾರನ್ನೂ ತೂಗಿ ಹತ್ತಿಸಿಲ್ಲ ನಾ."

ಧನರಾಜ ಅಂದಾಜು ಹಾಕಿ, ಇಂಥ ಮೋಟಾರಿನ ಜೋರು ಪೌಂಡಿನಲ್ಲಿ ಅಳೆಯುತ್ತಾರೆಂದೂ, ಐವತ್ತೈದು ಪೌಂಡಿನದು ಸಾಕೆಂದೂ ಹೇಳಿದ. ಬ್ರೆಡ್ಡಿನ ಪೌಂಡೇ ಎಂದು ಕೇಳಿ, ಅದೇ ಎಂದು ಖಾತ್ರಿಪಡಿಸಿಕೊಂಡು, ಐವತ್ತೈದು ಬ್ರೆಡ್ಡು ಸೇರಿ ಒಂದು ದೋಣಿ ತಳ್ಳಿಯಾವೇ ಎಂದು ತುಳಜಪ್ಪ ಸ್ವಲ್ಪ ಹೊತ್ತು ಚಿಂತಿಸಿದ. ಬಳಿಕ ಆಯ್ಕೆ ಶುರುವಾಯಿತು.

ಮೊದಲನೆಯ ಬಗೆಗೆ ಹಿಂದೆ ಒಂದು ಹಿಡಿಕೆ. ಅದನ್ನು ಹಿಡಿದು ತಿರುವಬೇಕು. ಧನರಾಜ ಅಂಗಡಿಯ ಕಸಬರಿಗೆಯನ್ನು ಸ್ಟೂಲಿಗೆ ಆನಿಸಿ ತೋರಿಸಿದ. ತುಳಜಪ್ಪ ಕಸಬರಿಗೆ ತಿರುವಿದ. ಭುಜ ಕಟಕ್ ಎಂದಿತು. ಬ್ಯಾಟರಿ ಕೊಳ್ಳಲು ಬಂದ ಗಿರಾಕಿಗೂ ಕೇಳಿಸಿತು. ಎರಡನೆಯ ಬಗೆ ಕಾಲಿನಿಂದ ತುಳಿಯುವುದು. ತುಳಜಪ್ಪ ಒಂಟಿಗಾಲಿನಲ್ಲಿ ನಿಂತು ನೆಲ ತುಳಿದು ನೋಡಿದ. ಮೊಣಕಾಲು ಸಹಕರಿಸಲಿಲ್ಲ, ಸಹಕರಿಸಿದ್ದರೂ ಮನಸ್ಸು ಒಪ್ಪುತ್ತಿರಲಿಲ್ಲ.

"ತುಳಿಯೋದು ಡ್ರೈವರ್ ಕೆಲಸ. ನಾ ಕಂಡಕ್ಟರ್. ಮುಂದಿಂದು ತೋರ್ಸು."

ಮೂರನೆಯದಕ್ಕೆ ರಿಮೋಟು. ಕೊರಳಿಗೆ ಹಾಕಿಕೊಳ್ಳಲು ದಾರವೂ ಇತ್ತು. ಚಿತ್ರ ನೋಡುತ್ತಿದ್ದಂತೆಯೇ ತುಳಜಪ್ಪನ ಕೈ, ಒಂದು ಕಾಲಕ್ಕೆ ಟಿಕೀಟಿನ ಚೀಲ ತೂಗುತ್ತಿದ್ದ ಜಾಗಕ್ಕೆ ತಾನಾಗಿಯೇ ಹೋಯಿತು.

"ಇದರಾಗ ಲಂಗರಿನ ಗುಂಡಿ ಅದ ಕಾಕಾ. ಒತ್ತಿದರ ಮ್ಯಾಲ ಆಕಾಶದಾಗಿನ ಉಪಗ್ರಹ ಕೇಳಿ, ಇದ್ದಲ್ಲೇ ನಿಂದರ್ತದ. ಗಾಳಿ ತಳ್ಳಿದರ ತಾನ ತಿರುಗಿ ಬಂದು ನಿಂದರ್ತದ. ಕಲ್ಲ ಬ್ಯಾಡ, ಹಗ್ಗ ಬ್ಯಾಡ."

"ಸೀಟಿ?"

"ಸೀಟಿನೂ ಬ್ಯಾಡ."

"ಅದು ನಾ ಊದ್ತೀನಿ ಬಿಡು."

ಎಂಟನೆಯ ದಿನ ಮೋಟಾರು ಬಂತು. ಒಪ್ಪಿಸುವಾಗ ಧನರಾಜ ಒಂದೇ ಎಚ್ಚರಿಕೆ ಹೇಳಿದ. "ಇದರ ತಲ್ಯಾಗ ದಿಕ್ಕು ನೋಡೋ ಮುಳ್ಳು ಅದ. ತಲಿ ಹತ್ತಿರ ಕಬ್ಬಿಣ ತರಬ್ಯಾಡ್ರಿ. ತಂದ್ರಿ ಅಂದ್ರ ಅದಕ್ಕ ದಿಕ್ಕು ತಪ್ತದ." ತುಳಜಪ್ಪ ಮನೆಗೆ ಬಂದು, ಹೊಸ ಮೋಟಾರನ್ನು ಪಡಸಾಲೆಯಲ್ಲಿಟ್ಟು, ಹೆಂಡತಿ ಸಾಯಮ್ಮನಿಗೆ ಅದೇ ಎಚ್ಚರಿಕೆಯನ್ನು ಚುಟುಕಾಗಿ ದಾಟಿಸಿದ: "ಕಬ್ಬಿಣ ತರಬ್ಯಾಡ ಇದರ ಹತ್ತಿರ. ಕಬ್ಬಿಣ ಕಂಡರ ಆಗಂಗಿಲ್ಲ ಇದಕ್ಕ."

ಕಂಡಕ್ಟರರು ಚುಟುಕಾಗಿ ಮಾತಾಡುವುದರಿಂದ ಬಸ್ಸು ಬೇಗ ಹೊರಡುತ್ತದೆ. ಸಂಸಾರದಲ್ಲಿ ಹಾಗಲ್ಲ.

ಸಾಯಮ್ಮ ಹಿತ್ತಲಲ್ಲಿ ನಿಂತು, ಪಕ್ಕದ ಮನೆಯ ಮೋನಮ್ಮನ ಕೂಡ ಈ ವಿಷಯವನ್ನು ಬುಡದಿಂದ ತುದಿಯವರೆಗೆ ವಿಚಾರಿಸಿದಳು.

"ಮೋನಮ್ಮ, ಹುಟ್ಟಿಲ್ಲ, ಎಣ್ಣಿಲ್ಲ, ಸದ್ದಿಲ್ಲ. ತಾನ ಹೋಗ್ತದಂತ, ತಾನ ತಿರುಗಿ ಬರ್ತದಂತ."

"ಅಯ್ಯ ನಮ್ಮವ್ವ!"

"ಮತ್ತ ಕಬ್ಬಿಣ ಕಂಡರ ಆಗಂಗಿಲ್ಲಂತ."

ಮೋನಮ್ಮ ಸಂಡಿಗೆ ಇಡುತ್ತಿದ್ದ ಕೈ ನಿಲ್ಲಿಸಿದಳು. ಬಾಣಂತಿಯ ದಿಂಬಿನ ಕೆಳಗೆ ಕುಡುಗೋಲು ಇಡುವುದು ಯಾತಕ್ಕೆ, ಒಲೆಯ ಮುಂದೆ ಕೂಸು ಬಿಟ್ಟು ಹೋಗುವಾಗ ಪಕ್ಕದಲ್ಲಿ ಚಾಕು ಇಡುವುದು ಯಾತಕ್ಕೆ, ಇದು ಆ ಸೀಮೆಯ ಹೆಂಗಸರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಕಣ್ಣಿಗೆ ಕಾಣದೆ ಓಡಾಡುವಂಥದ್ದು, ಕಬ್ಬಿಣಕ್ಕೆ ಹೆದರುವಂಥದ್ದು ಈ ಲೋಕದಲ್ಲಿ ಒಂದೇ ಜಾತಿ.

"ಸಾಯಕ್ಕಾ, ಅದರಾಗ ಏನೋ ಹೊಕ್ಕಾದ."

"ನನಗೂ ಅದೇ ಅನಸ್ತು. ಇದನ್ನ ತಗೊಂಡು ಈ ಮನಶ್ಯಾ ಒಬ್ಬನ ನಡುನೀರಿಗಿ ಹೋಗ್ತಾನ."

"ಕಬ್ಬಿಣ ಕಟ್ಟಿಬಿಡು. ಅಂಥದಕ್ಕ ಕಬ್ಬಿಣ ಕಟ್ಟದ ಇರಬಾರದು."

ಯಾವ ಕಬ್ಬಿಣವೆಂದರೆ ಆ ಕಬ್ಬಿಣ ಆಗಲಾರದು. ಸಾಯಮ್ಮ ಸಂಜೆ ದೇವಿದಾಸನ ಹೆಂಡತಿ ಕೌಶಲ್ಯಾಳ ಮನೆಗೆ ಹೋದಳು. ದೇವಿದಾಸನ ಬಸ್ಸಿನ ಮೂತಿಗೆ ಕಟ್ಟಿದ್ದ ಕುದುರೆಯ ಲಾಳ ಅವನ ನಿವೃತ್ತಿಯ ದಿನ ಅವನ ಜೊತೆಯಲ್ಲೇ ಇಳಿದು ಮನೆಗೆ ಬಂದಿತ್ತು. ಆ ಲಾಳ ಕಟ್ಟಿದ್ದಷ್ಟು ವರ್ಷ ಬಸ್ಸು ಒಂದು ಕೋಳಿಗೂ ತಗುಲಿರಲಿಲ್ಲ. ಕೌಶಲ್ಯಾ ಅದನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಒರಸಿ, "ಹುಷಾರ್ ಅವ್ವ, ಅವರು ದಿನಾ ಮುಟ್ಟಿ ನಮಸ್ಕಾರ ಮಾಡ್ತಿದ್ರು" ಎಂದು ಕೊಟ್ಟಳು.

ಇತ್ತ ತುಳಜಪ್ಪ ಮೋಟಾರಿಗೆ ಹೊಂದಿಕೊಳ್ಳುವ ಅಭ್ಯಾಸ ನಡೆಸಿದ್ದ. ಹಿತ್ತಲಿನ ಎಮ್ಮೆ ನೀರು ಕುಡಿಯುವ ಸಿಮೆಂಟಿನ ತೊಟ್ಟಿಯ ಅಂಚಿಗೆ ಅದನ್ನು ಬಿಗಿದು, ಬ್ಯಾಟರಿ ಜೋಡಿಸಿ, ರಿಮೋಟು ಕೊರಳಿಗೆ ಹಾಕಿಕೊಂಡು, ಮೂರು ಹೆಜ್ಜೆ ಹಿಂದೆ ಸರಿದು "ರೈಟ್" ಎಂದು ಗುಂಡಿ ಒತ್ತಿದ. ತೊಟ್ಟಿಯ ನೀರೆಲ್ಲ ಎದ್ದು ಗೋಡೆ ದಾಟಿತು. ಗೋಡೆಯಾಚೆ ಮೋನಮ್ಮನ ಮೂರು ದಿನದ ಸಂಡಿಗೆ ಒಣಗುತ್ತಿತ್ತು.

"ಕಂಡಕ್ಟರ್ ಸಾಬ್!" ಎಂಬ ಕೂಗು ಬಂತು. "ನಮ್ಮ ಸಂಡಿಗಿ ಮ್ಯಾಲ ಕೆರಿ ತಂದ್ರಿ ಏನ್ರಿ?"

ಎಮ್ಮೆ ಆ ದಿನದಿಂದ ತೊಟ್ಟಿಯ ನೀರು ಮುಟ್ಟಲಿಲ್ಲ. ಮೋಟಾರಿನೊಳಗೆ ಏನೋ ಹೊಕ್ಕಿದೆ ಎಂಬ ಮಾತಿಗೆ ಈಗ ಒಬ್ಬ ಸಾಕ್ಷಿ ಹೆಚ್ಚಾದಂತಾಯಿತು.

ಆದಿತ್ಯವಾರ ಬಂತು. ಕಟ್ಟೆಯ ಮೇಲೆ ಊರು ನೆರೆಯಿತು. ಪಂಚಾಯತಿ ಕಾರ್ಯದರ್ಶಿ ಸಂಜೀವಕುಮಾರ ರಜೆಯ ದಿನವಾದರೂ, ಕೆರೆ ತನ್ನ ಹದ್ದಿನಲ್ಲಿ ಬರುತ್ತದೆಂಬ ಕಾರಣಕ್ಕೆ ಇಸ್ತ್ರಿಯ ಅಂಗಿ ಹಾಕಿಕೊಂಡು, ಮೊಬೈಲು ಹಿಡಿದುಕೊಂಡು ಬಂದ. ಹಣಮಯ್ಯ ಹೊಸ ಗಾಡಿಯ ಪೂಜೆಗೆ ತಯಾರಾಗಿದ್ದ. ಆದರೆ ಹೊಸ ಗಾಡಿಯೆಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ದೋಣಿಗೆ ಗಾಲಿಯೆಲ್ಲಿ? ಹಣಮಯ್ಯ ದೋಣಿಯ ಸುತ್ತ ಒಮ್ಮೆ ನಡೆದ. ಬಳಿಕ, ತಿರುಗುವುದೆಲ್ಲ ಗಾಲಿಯೇ ಎಂದು ತೀರ್ಮಾನಿಸಿ, ಮೋಟಾರಿನ ರೆಕ್ಕೆಯ ಸಂದಿಗೆ ನಿಂಬೆಹಣ್ಣು ಸಿಕ್ಕಿಸಿದ. ತುಳಜಪ್ಪ ಗುಂಡಿ ಒತ್ತಿದ. ನಿಂಬೆಹಣ್ಣು ಸಂಜೀವಕುಮಾರನ ಇಸ್ತ್ರಿಯ ಅಂಗಿಯ ಮೇಲೆ ಸಿಕ್ಕಿತು, ಎರಡು ಹೋಳಾಗಿ.

"ಶುಭ ಶಕುನ" ಎಂದ ಹಣಮಯ್ಯ.

ದೋಣಿಯ ಮೂತಿಗೆ ಬಿಗಿದ ಮೋಟಾರಿನ ತಲೆಗೆ ಸಾಯಮ್ಮ ಆಗಲೇ ಕೆಂಪು ಬಟ್ಟೆ ಸುತ್ತಿ, ಚೆಂಡುಹೂವಿನ ಸರ ಹಾಕಿದ್ದಳು. "ತಿರುಗಿ ಬರೋತನಾ ಬಟ್ಟಿ ಬಿಚ್ಚಬ್ಯಾಡ್ರಿ. ದೇವಿ ಬಟ್ಟಿ ಅದು" ಎಂದಳು. ಬಟ್ಟೆಯ ಒಳಗೆ ಏನಿದೆ ಎಂಬುದನ್ನು ಮೋನಮ್ಮನಿಗೆ ಮಾತ್ರ ತಿಳಿಸಿದ್ದಳು. ಅಂದರೆ ಹೆಂಗಸರಿಗೆಲ್ಲ ತಿಳಿದಿತ್ತು, ಗಂಡಸರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ.

ಬೀರಣ್ಣ ಹುಟ್ಟುಗಳನ್ನು ದೋಣಿಯಲ್ಲಿಡಲು ತಂದ. "ಇರಲಿ, ಕೆಲಸಕ್ಕ ಬರ್ತಾವ."

ಇಡೀ ಊರು ನೋಡುತ್ತಿತ್ತು. ತುಳಜಪ್ಪ ಕೊರಳ ರಿಮೋಟನ್ನು ಸರಿಪಡಿಸಿಕೊಂಡು, "ಡ್ರೈವರ್ ಇದ್ದ ಗಾಡೀನ ಪ್ಯಾಸೆಂಜರ್ ತಳ್ಳತಾರೇನು?" ಎಂದು ಹುಟ್ಟುಗಳನ್ನು ದಡದಲ್ಲೇ ಬಿಟ್ಟ. ಚಪ್ಪಾಳೆ ಬಿತ್ತು. ಮನುಷ್ಯನಿಗೆ ಮುಂದೆ ಬೇಕಾಗುವ ವಸ್ತುಗಳು ಹೀಗೆ ಚಪ್ಪಾಳೆಯ ನಡುವೆಯೇ ದಡದಲ್ಲಿ ಉಳಿಯುತ್ತವೆ.

ರೈಟ್ ಎಂದ. ದೋಣಿ ಹೊರಟಿತು. ಎಡಬಲದ ಗುಂಡಿ ಒತ್ತುತ್ತ, ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಸೊಟ್ಟಗೆ ಹೋಗುತ್ತ, ಕಾಲು ತಾಸಿನಲ್ಲಿ ಹಳೆಯ ಗುಡಿಯ ಹತ್ತಿರ ಬಂದ. ನಾಲ್ಕು ಮಾರು ದೂರ ಹಿಡಿದು, ಗಾಳಕ್ಕೆ ಹಿಟ್ಟಿನ ಉಂಡೆ ಚುಚ್ಚಿ ನೀರಿಗೆ ಬಿಟ್ಟ. ಬಳಿಕ ಒಂದು ವರ್ಷದಿಂದ ಜೇಬಿನಲ್ಲಿದ್ದ ಸೀಟಿ ತೆಗೆದು ಊದಿ, ಲಂಗರಿನ ಗುಂಡಿ ಒತ್ತಿದ.

ದೋಣಿ ನಿಂತಿತು. ನಿಂತು, ಏನೋ ನೆನಪಾದಂತೆ ಮೂತಿ ತಿರುಗಿಸಿತು. ಮೆಲ್ಲಗೆ ಎಡಕ್ಕೆ ಹೊರಟಿತು. ನಿಲ್ಲಬೇಕಾದ ಜಾಗ ಬಲಕ್ಕಿತ್ತು. ಲಾಳದ ಮಗ್ಗುಲಲ್ಲಿ ಕುಳಿತ ಆ ದಿಕ್ಕಿನ ಮುಳ್ಳಿಗೆ ಉತ್ತರವೇ ಪಶ್ಚಿಮವಾಗಿ ಕಂಡಿತ್ತು. ಜಾಗಕ್ಕೆ ಹೋಗಬೇಕೆಂಬ ಆಸೆ ಮೋಟಾರಿಗೆ ಪೂರ್ತಿ ಇತ್ತು. ಹಾದಿ ಮಾತ್ರ ಓರೆಯಾಗಿತ್ತು. ಹೀಗಾಗಿ ಅದು ಸುತ್ತತೊಡಗಿತು. ಒಂದು ಸುತ್ತು ಬಂತು. ಮತ್ತೊಂದು ಬಂತು. ಗಾಳಿ ಒಂದಿಷ್ಟು ತಳ್ಳಿತು. ಮೂರನೆಯ ಸುತ್ತಿನ ಹೊತ್ತಿಗೆ ಸುತ್ತಿನ ನಡುಮಧ್ಯಕ್ಕೆ ಸರಿಯಾಗಿ ಮೈಸಮ್ಮನ ಮುಳುಗಿದ ಗುಡಿ ಬಂತು.

ತುಳಜಪ್ಪ ಗುಂಡಿ ಮತ್ತೆ ಒತ್ತಿದ. ಮತ್ತೆ ಸುತ್ತು. ಬಂದ್ ಮಾಡಿದ, ಗಾಳಿ ದೋಣಿಯನ್ನು ಆಚೆ ದಡದ ಜೊಂಡಿನ ಕಡೆಗೆ ತಳ್ಳತೊಡಗಿತು. ಜೊಂಡಿಗೆ ಸಿಕ್ಕರೆ ಹುಟ್ಟಿಲ್ಲದೆ ಬಿಡಿಸಿಕೊಳ್ಳುವಂತಿಲ್ಲ, ಕೂಗಲೇಬೇಕು. ಗಾಬರಿಯಿಂದ ಲಂಗರು ಒತ್ತಿದ. ದೋಣಿ ಮತ್ತೆ ಗುಡಿಯ ಸುತ್ತ ಹೊರಟಿತು. ತಾಸು ನಿಲ್ಲದೆ ದಡಕ್ಕೆ ತಿರುಗಿದರೆ ಭಾಷೆ ಮುರಿಯಿತು; ಕೂಗಿದರೆ ದೋಣಿ ಹೋಯಿತು; ಕೂಗದಿದ್ದರೆ ತಾನೇ ಹೋಗುತ್ತಲೇ ಇರಬೇಕು. ತುಳಜಪ್ಪ ತುಟಿ ಬಿಗಿದ. ರಿಮೋಟನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಎದೆಗೆ ಒತ್ತಿಕೊಂಡು, ಇದ್ದಬದ್ದ ಗುಂಡಿಗಳನ್ನೆಲ್ಲ ಅಮುಕಿದ.

ಕಟ್ಟೆಯ ಮೇಲಿಂದ ನೋಡಿದವರಿಗೆ ಕಂಡದ್ದಿಷ್ಟು: ಹುಟ್ಟಿಲ್ಲದ ದೋಣಿ ದೇವಿಯ ಗುಡಿಯನ್ನು ಪ್ರದಕ್ಷಿಣೆ ಹಾಕುತ್ತಿದೆ. ಅದರಲ್ಲಿ ಒಬ್ಬ ಮುದುಕ ಮೌನವಾಗಿ ಕೈಮುಗಿದು ಕುಳಿತಿದ್ದಾನೆ.

"ಅವ್ವಾ, ತಾಯಿ" ಎಂದು ಹಣಮಯ್ಯ ಮೊದಲು ಕೆನ್ನೆ ಬಡಿದುಕೊಂಡ. "ಮೂವತ್ತು ವರ್ಷ ಆತು ಆ ಗುಡಿಗಿ ಒಂದು ಸುತ್ತು ಬಿದ್ದಿಲ್ಲ. ನಾವು ಮರತೀವಿ, ಆಕಿ ಮರತಿಲ್ಲ!"

"ಏನ್ ತಾಯಿ! ಮೋಟಾರ್ ಕೆಟ್ಟಾದ!" ಎಂದ ಬೀರಣ್ಣ. ಕೈಗಳನ್ನು ಬಾಯಿಗೆ ಹಿಡಿದು ಕೂಗಿದ: "ತುಳಜಪ್ಪಾ! ಕರೀ! ಒಂದು ಮಾತು ಕರೀ, ಬರ್ತೀವಿ!"

"ಮೌನದಾಗ ಇದ್ದಾಂವನ ಬಾಯಿ ಬಿಡಸ್ತಿ? ಯಾವ ನರಕಕ್ಕ ಹೋಗಾಂವ ನೀ?" ಎಂದು ಹಣಮಯ್ಯ ಅವನ ಕೈ ಇಳಿಸಿದ.

ತುಳಜಪ್ಪ ಕೂಗುವಂತಿರಲಿಲ್ಲ, ಆದರೆ ಕೈಸನ್ನೆಗೆ ಭಾಷೆಯಲ್ಲಿ ಅಡ್ಡಿಯಿರಲಿಲ್ಲ. ಒಳ್ಳೆಯ ಭುಜದ ಕೈಯನ್ನು ಎತ್ತಿ ಬೀಸಿದ. ಆ ಕೈಯೂ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅಂಗೈ ಜನರ ಕಡೆಗೆ ತಿರುಗಿತ್ತು. ಕಟ್ಟೆಯ ಮೇಲಿದ್ದ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಆಶೀರ್ವಾದ ತಗೊಂಡರು.

ಬಿಸಿಲು ಏರಿತು. ಅಂಗಿ ಬಿಚ್ಚಿ ಬೀಸಿದರೆ ಯಾರಿಗಾದರೂ ತಿಳಿದೀತು ಎಂದು ಅಂಗಿ ಬಿಚ್ಚಿದ.

"ಅಂಗಿ ತೆಗೆದ" ಎಂದ ಸಂಜೀವಕುಮಾರ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ. "ಬರಿಮೈ. ಗರ್ಭಗುಡಿ ನಿಯಮ. ಇದು ಹದಿನೇಳನೇ ಸುತ್ತು. ಮಂಡಲ ಆಫೀಸಿಗಿ ವರದಿ ಕೊಡಬೇಕಾಗ್ತದ."

ಇಪ್ಪತ್ತೊಂದನೆಯ ಸುತ್ತಿನಲ್ಲಿ ಅದು ನಡೆಯಿತು. ದೋಣಿಯ ಹಿಂದೆ ಹರಿದಾಡುತ್ತಿದ್ದ ಗಾಳಕ್ಕೆ ಜಗ್ಗು ಬಂತು. ಕೋಲು ಬಿಲ್ಲಿನಂತೆ ಬಾಗಿತು. ದೂರದಲ್ಲಿ ಒಂದು ಕಟ್ಲಾ ನೀರಿನಿಂದ ಎದ್ದು ಬೆನ್ನು ಹೊರಳಿಸಿತು. ಬೆನ್ನೆಂದರೆ ಕೌದಿಯಷ್ಟು ಅಗಲ. ದೇವಿದಾಸ ಇದ್ದ ಹನ್ನೊಂದು ವರ್ಷದಲ್ಲಿ ಅಂಥದು ಬಿದ್ದಿರಲಿಲ್ಲ. ಮೀನು ಬಿದ್ದಾಗಲೆಲ್ಲ ಕೆರೆಗೆ ಕೇಳುವಂತೆ "ಬಿತ್ತಲೇ ದೇವ್ಯಾ!" ಎಂದು ಕೂಗುವುದು ತುಳಜಪ್ಪನ ರೂಢಿ. ಈಗಲೂ ಬಾಯಿ ತೆರೆಯಿತು. ಅಷ್ಟರಲ್ಲಿ ಕಟ್ಟೆಯ ಮೇಲೆ ಬೀರಣ್ಣ ಕಿವಿಗೆ ಕೈ ಹಚ್ಚಿ ನಿಂತದ್ದು ಕಂಡಿತು. ತೆರೆದ ಬಾಯಿಯನ್ನು ಮುಚ್ಚಿ, ಕೂಗನ್ನು ನುಂಗಿ, ಮಂಡಿಯೂರಿ ದಾರ ಎಳೆದ. ದೋಣಿ ತನ್ನ ಭಕ್ತಿ ಬಿಡಲಿಲ್ಲ, ಸುತ್ತುತ್ತಲೇ ಇತ್ತು. ದಾರ ಮೋಟಾರಿನ ರೆಕ್ಕೆಗೆ ತಾಗಿತು, ಟಿಂಗ್ ಎಂದಿತು, ಮೀನು ಹೋಯಿತು.

ತುಳಜಪ್ಪನ ಕಣ್ಣಲ್ಲಿ ನೀರು ಬಂತು. ಒಂದು ವರ್ಷದಿಂದ ಬಾರದ್ದು, ಅಂತ್ಯಕ್ರಿಯೆಯ ದಿನವೂ ಬಾರದ್ದು, ಎಲ್ಲ ಒಟ್ಟಿಗೆ ಬಂತು. ತಲೆ ಬಗ್ಗಿಸಿ, ಮಂಡಿಯ ಮೇಲೆಯೇ ಕುಳಿತು ಅತ್ತ.

"ಅಳಾಕತ್ಯಾನ!" ಎಂದಳು ಮೋನಮ್ಮ. "ತಾಯಿ ಕಂಡಾಳ ಅವರಿಗಿ!"

ಸಂಜೀವಕುಮಾರ ಮೊಬೈಲನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ.

ಸಾಯಮ್ಮ ಇಷ್ಟು ಹೊತ್ತು ಸುತ್ತು ಎಣಿಸುತ್ತ ನಿಂತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಗಂಡ ಮೂರು ಸುತ್ತಿಗಿಂತ ಹೆಚ್ಚು ಪ್ರದಕ್ಷಿಣೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಮೂರನೆಯದರಲ್ಲೇ ಚಪ್ಪಲಿ ಇದೆಯೋ ಇಲ್ಲವೋ ಎಂದು ನೋಡುವವನು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀರಣ್ಣನ ಮುಂದೆ ಬಂದು ನಿಂತಳು.

"ಬೀರಣ್ಣ, ತೆಪ್ಪ ತೆಗಿ. ನನ್ನ ಅಲ್ಲಿಗಿ ಬಿಡು."

"ಅಂವ ಕರೀಲಿ ತಂಗಿ, ಆಮ್ಯಾಲ ನೋಡಮು."

"ಗಂಡ ಪ್ರದಕ್ಷಿಣಿ ಹಾಕೋ ಮುಂದ ಹೆಂಡತಿ ದಂಡ್ಯಾಗ ನಿಂತ್ರ ಪುಣ್ಯ ಅರ್ಧ ಆಗ್ತದ. ಅರ್ಧ ಪುಣ್ಯದ ಪಾಪ ನಿನ್ನ ತಲಿಗಿ ಬರ್ತದ, ಬೇಕೇನು?"

ಊರೆಲ್ಲ ಬೀರಣ್ಣನ ಕಡೆಗೆ ನೋಡಿತು. ಬೀರಣ್ಣ ತನ್ನ ಥರ್ಮಾಕೋಲಿನ ತೆಪ್ಪ ನೀರಿಗಿಳಿಸಿ, ಸಾಯಮ್ಮನನ್ನು ಕೂರಿಸಿಕೊಂಡು, ತಾನೇ ಹುಟ್ಟು ಹಾಕಿಕೊಂಡು ಹೋಗಿ, ಸುತ್ತುತ್ತಿದ್ದ ದೋಣಿಗೆ ಅವಳನ್ನು ಹತ್ತಿಸಿದ. ಓಡುವ ಬಸ್ಸಿಗೆ ಜನ ಹತ್ತಿಸಿ ಅಭ್ಯಾಸವಿದ್ದ ತುಳಜಪ್ಪ ಕೈ ಕೊಟ್ಟು ಎಳೆದುಕೊಂಡ. ಬೀರಣ್ಣ ತಿರುಗಿ ಹೋದ. ಸಾಯಮ್ಮ ಮುಂದಿನ ಹಲಗೆಯ ಮೇಲೆ ಕುಳಿತಳು. ಅದು ದೇವಿದಾಸನ ಹಲಗೆ.

"ಎಷ್ಟು ಸುತ್ತು ಬೇಡಿಕೊಂಡೀರಿ?" ಎಂದು ಮೆಲ್ಲಗೆ ಕೇಳಿದಳು.

"ಬೇಡಿಕೊಂಡಾಂವ ಯಾವಾಂವ? ಇದು ನಿಂದ್ರಂಗಿಲ್ಲ ಸಾಯಮ್ಮ! ಲಂಗರ್ ಒತ್ತಿದರೂ ಸುತ್ತತದ. ಕೂಗಿದ್ರ ದೋಣಿ ಹೋಗ್ತದ. ಧನರಾಜ ಮೋಸ ಮಾಡ್ಯಾನ."

"ನಿಂದ್ರಂಗಿಲ್ಲ?" ಸಾಯಮ್ಮ ಮೋಟಾರಿನ ಕೆಂಪು ಬಟ್ಟೆಯ ಕಡೆಗೆ ನೋಡಿದಳು. "ಲಾಳ ಕಟ್ಟಿದರೂ ನಿಂದ್ರಂಗಿಲ್ಲ?"

"ಯಾವ ಲಾಳ?"

"ದೇವಿದಾಸಣ್ಣನ ಬಸ್ಸಿಂದು. ಒಳಗ ಕಟ್ಟೀನಿ. ಕಬ್ಬಿಣಕ್ಕ ಹೆದರ್ತದ ಅಂತ ನೀವೇ ಹೇಳಿದ್ರಲ್ಲ?"

ತುಳಜಪ್ಪ ಹೆಂಡತಿಯ ಮುಖ ನೋಡಿದ. ಮೋಟಾರಿನ ಮುಖ ನೋಡಿದ. ದೋಣಿ ಇನ್ನೊಂದು ಸುತ್ತು ಮುಗಿಸುವವರೆಗೂ ನೋಡಿದ. ಆಮೇಲೆ ಬಟ್ಟೆ ಬಿಚ್ಚಿ, ಲಾಳ ತೆಗೆದು ಅವಳ ಉಡಿಗೆ ಹಾಕಿ, ಗುಂಡಿ ಒತ್ತಿದ. ದೋಣಿ ಫರಸಿ ಕಲ್ಲು ಬಿಟ್ಟಂತೆ ನಿಂತುಬಿಟ್ಟಿತು. ಗಾಳಿ ತಳ್ಳಿತು, ದೋಣಿ ಕದಲಲಿಲ್ಲ.

ಕಟ್ಟೆಯ ಮೇಲಿಂದ ಜಯಕಾರ ಕೇಳಿಬಂತು. ಮುತ್ತೈದೆ ಕಾಲಿಟ್ಟಳು, ದೇವಿ ಪ್ರಸನ್ನಳಾದಳು, ದೋಣಿ ನಿಂತಿತು. ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಯಾವ ಊರಿಗೆ ಬೇಕು?

ಒಂದು ತಾಸು ನಿಂತು, ದಡಕ್ಕೆ ಬಂದಾಗ ಬೀರಣ್ಣ ಮೊದಲು ಎದುರಾದ. "ಒಬ್ಬನ ಹೋಗಿ ಬರಬೇಕು ಅಂತ ಮಾತಿತ್ತು. ಇಬ್ಬರು ಬಂದಾರ. ದೋಣಿ ಸಂಘದ್ದು!"

"ಅಂವ ಕರದನೇನು?" ಎಂದ ಹಣಮಯ್ಯ.

"ಕರದಿಲ್ಲ, ಖರೇ."

"ಮತ್ತ ಆಕಿನ್ನ ಅಲ್ಲಿಗಿ ಮುಟ್ಟಿಸಿದಾಂವ ಯಾವಾಂವ?"

ಬೀರಣ್ಣ ತನ್ನ ತೆಪ್ಪದ ಕಡೆಗೆ ನೋಡಿದ.

ಆದರೆ ತುಳಜಪ್ಪ ದೇವರಿಗೆ ಹೆದರುವ ಮನುಷ್ಯ. ಗುಡಿಯ ಮುಂದೆ ಸುಳ್ಳು ನಿಲ್ಲಬಾರದೆಂದು, ಲಾಳ ಎತ್ತಿ ತೋರಿಸಿ, ಇದ್ದದ್ದು ಇದ್ದಂತೆ ಹೇಳಿದ. ಪ್ರದಕ್ಷಿಣೆ ಅಲ್ಲ, ಮೌನವೂ ಅಲ್ಲ. ಕಬ್ಬಿಣದಿಂದ ಮೋಟಾರಿಗೆ ದಿಕ್ಕು ತಪ್ಪಿ ಸುತ್ತಿತು, ಅಷ್ಟೇ.

ಬೀರಣ್ಣನ ಮುಖ ಅರಳಿತು.

"ಈ ಲಾಳ ಯಾರದು?" ಎಂದು ಹಣಮಯ್ಯ ಕೇಳಿದ.

"ದೇವಿದಾಸಂದು."

ಹಣಮಯ್ಯ ಎರಡೂ ಕೈಯಿಂದ ಲಾಳ ತಗೊಂಡು ಕಣ್ಣಿಗೊತ್ತಿಕೊಂಡ. "ಅಂದ್ರ ದೋಣಿ ನಡಸಿದಾಂವ ಅಂವ. ತಾಯಿ ಸುತ್ತ ಇಪ್ಪತ್ತೆಂಟು ಸುತ್ತು ಹೊಡದಾನ. ಇದನ್ನ ಇಷ್ಟೊತ್ತು ಯಾಕ ಮುಚ್ಚಿಟ್ಟಿ ತುಳಜಪ್ಪ?"

ದೋಣಿಯೊಂದು ಬರೀ ದೋಣಿಯಾಗಿ ಉಳಿಯಲು ಅಂದಿನಿಂದ ಬಹಳ ಕಷ್ಟಪಡಬೇಕಾಯಿತು. ದೋಣಿ ಅವನದೇ ಎಂದು ತೀರ್ಪಾಯಿತು. ಮೈಸಮ್ಮನ ಹಳೆಯ ಗುಡಿಯ ಸುತ್ತ ಯಾರೂ ಬಲೆ ಬೀಸಬಾರದೆಂದು ಹಣಮಯ್ಯ ಕಟ್ಟು ಮಾಡಿದ. ಬೀರಣ್ಣನ ಸಂಘಕ್ಕೆ ಕೆರೆಯ ಅತ್ಯುತ್ತಮ ಜಾಗ ಹೋಯಿತು. ಅಲ್ಲಿ ಗಾಳವೂ ಬೇಡವೆಂದ, ತುಳಜಪ್ಪನಿಗೂ ಹೋಯಿತು. ಮಂಗಳವಾರ ಮಂಗಳವಾರ ಹರಕೆಯವರು ಬರತೊಡಗಿದರು. ಬಶೀರಾಬಾದಿನಿಂದಲೂ ಧಾರೂರಿನಿಂದಲೂ ಬಂದವರನ್ನು ದೋಣಿಯಲ್ಲಿ ಹತ್ತಿಸಿ, ಲಾಳ ಕಟ್ಟಿ, ಐದು ಸುತ್ತು ತಿರುಗಿಸಿ, ಇಳಿಸಬೇಕು. "ಒಳಗ ಸರೀರಿ, ಒಳಗ ಸರೀರಿ" ಎಂದು ಹೇಳುವ ಕೆಲಸ ಹನ್ನೆರಡು ವರ್ಷದ ಬಿಡುವಿನ ಮೇಲೆ ಮತ್ತೆ ಬಂತು.

ಸಂಜೀವಕುಮಾರನ ವರದಿಗೆ ಮಂಡಲದಿಂದ ಉತ್ತರವಾಗಿ ಒಂದು ಫಾರಂ ಬಂತು. ಜನರನ್ನು ಕೂರಿಸಿಕೊಳ್ಳುವ ದೋಣಿಯಾದ್ದರಿಂದ ವಿವರ ಬೇಕು. ಸಂಜೀವಕುಮಾರ ಮನೆಗೆ ಬಂದು ಒಂದೊಂದೇ ಓದಿದ.

"ಚಾಲಕರ ಹೆಸರು?"

"ದೇವಿದಾಸ ಅಂತ ಬರಿರಿ."

"ಅವರು ತೀರಿಕೊಂಡಾರಲ್ರಿ."

"ರಜಾದಾಗ ಇದ್ದಾನ ಅಂತ ಬರಿರಿ. ನಂದು ಕಂಡಕ್ಟರ್ ಖಾನೆದಾಗ ಹಾಕ್ರಿ."

ಫಾರಂನಲ್ಲಿ ಕಂಡಕ್ಟರರಿಗೆ ಖಾನೆ ಇರಲಿಲ್ಲ. ಸಂಜೀವಕುಮಾರ ಪೆನ್ನಿನಿಂದ ಒಂದು ಗೆರೆ ಎಳೆದು ಮಾಡಿಕೊಟ್ಟ.

ಆದಿತ್ಯವಾರ ಮಾತ್ರ ಹರಕೆಯಿಲ್ಲ. ಅಂದು ತುಳಜಪ್ಪ ಗಾಳ ತಗೊಂಡು, ಗುಡಿಯಿಂದ ದೂರ, ಕೆರೆಯ ಇನ್ನೊಂದು ಮೂಲೆಗೆ ಹೋಗುತ್ತಾನೆ. ಸಾಯಮ್ಮ ಮುಂದಿನ ಹಲಗೆಯ ಮೇಲೆ ಕೂರುತ್ತಾಳೆ. ಸಂಘದ ಕಾಯ್ದೆಯಂತೆ ಇಬ್ಬರು ಆಗುತ್ತಾರೆ. ಬೀರಣ್ಣ ದಡದಿಂದ ಎಣಿಸಿ ನೋಡಿ ಬೀಡಿ ಹಚ್ಚುತ್ತಾನೆ. ಲಾಳ ಅವಳ ಉಡಿಯಲ್ಲಿರುತ್ತದೆ. ಮೋಟಾರಿನಿಂದ ಮೂರು ಮೊಳ ದೂರವಿದ್ದರೆ ಅಡ್ಡಿಯಿಲ್ಲವೆಂದು ಧನರಾಜ ಹೇಳಿದ್ದಾನೆ.

ಮೊನ್ನೆ ಆದಿತ್ಯವಾರ ಎರಡು ತಾಸು ನಿಂತರೂ ಒಂದು ಮೀನೂ ಬೀಳಲಿಲ್ಲ. ನೀರು ಕನ್ನಡಿಯಂತಿತ್ತು. ಸಾಯಮ್ಮ ಉಡಿಯಿಂದ ಲಾಳ ತೆಗೆದು, ಮುಂದಕ್ಕೆ ಬಾಗಿ, ಮೋಟಾರಿನ ತಲೆಯ ಮೇಲಿಟ್ಟಳು. ದೋಣಿ ಮೂತಿ ತಿರುಗಿಸಿತು.

"ಏನ್ ಮಾಡತಿ? ಮೀನ ಓಡತಾವ!"

"ದೇವಿದಾಸಣ್ಣಗ ಕುಂತು ಕುಂತು ಬ್ಯಾಸರಾಗಿರಬೇಕು. ಒಂದು ಸುತ್ತು ಹೊಡಿಲಿ ಬಿಡ್ರಿ."

ತುಳಜಪ್ಪ ಗಾಳ ಮೇಲೆ ಎಳೆದುಕೊಂಡ. ಹಿಂದಕ್ಕೆ ತಿರುಗಿ, ಹತ್ತುವವರು ಯಾರೂ ಉಳಿದಿಲ್ಲವೆಂದು ನೋಡಿದ. ಬಳಿಕ ದೋಣಿಯ ಅಂಚನ್ನು ಅಂಗೈಯಿಂದ ಎರಡು ಸಲ ಬಡಿದು, ಕೆರೆಗೆಲ್ಲ ಕೇಳುವಂತೆ ಕೂಗಿದ:

"ರೈಟ್!"